ಹಿಮದ ಮೇಲೆ ದಾನಿಗಳ ಹೆಸರು

ಧ್ರುವಪ್ರದೇಶದ ನಕಾಶೆಯನ್ನು ರಸೀದಿ ಪುಸ್ತಕ ಅಂದುಕೊಂಡು ಓದಿ. ಎಲ್ಲ ಅರ್ಥವಾಗುತ್ತದೆ.

1829ರಲ್ಲಿ ಜಾನ್ ರಾಸ್ ಕೆನಡಾದ ಉತ್ತರಕ್ಕೆ ಹಡಗು ಬಿಟ್ಟರು. ದುಡ್ಡು ಜಿನ್ ತಯಾರಿಸುವ ಫೆಲಿಕ್ಸ್ ಬೂತ್ ಅವರದು. ಹಾಗಾಗಿ ಕಂಡ ಪರ್ಯಾಯ ದ್ವೀಪಕ್ಕೆ ಬೂತಿಯಾ, ಪಕ್ಕದ ಕೊಲ್ಲಿಗೂ ಬೂತಿಯಾ. 1831ರಲ್ಲಿ ಉತ್ತರ ಕಾಂತೀಯ ಧ್ರುವ ಸಿಕ್ಕಿದ್ದೂ ಅಲ್ಲೇ. ಅಂದರೆ ಜಗತ್ತಿನ ದಿಕ್ಸೂಚಿಗಳೆಲ್ಲ ಜಿನ್ ಅಂಗಡಿ ಕಡೆ ಮುಖ ಮಾಡಿ ನಿಂತಿದ್ದವು. ತಲೆಮಾರುಗಳಿಂದ ಅಲ್ಲೇ ಬದುಕಿದ್ದ ಇನುಯಿಟ್ ಜನ ಒಂದು ಪೈಸೆ ಚಂದಾ ಕೊಟ್ಟಿರಲಿಲ್ಲವಲ್ಲ, ಅವರ ಹೆಸರಿನ ಪ್ರಶ್ನೆಯೇ ಬರಲಿಲ್ಲ.

ಹೋಗಲಿ, ಬೂತಿಯಾ ಇರುವ ನೆಲ. ಅಮೆರಿಕದ ಧ್ರುವಯಾತ್ರಿ ರಾಬರ್ಟ್ ಪಿಯರಿ ಅವರಿಗೆ ಅಷ್ಟೂ ಬೇಕಾಗಲಿಲ್ಲ. ಜಾರ್ಜ್ ಕ್ರಾಕರ್ ಎಂಬ ಸಿರಿವಂತರು 50,000 ಡಾಲರ್ ಕೊಟ್ಟಿದ್ದರು. 1906ರಲ್ಲಿ ದೂರದಲ್ಲಿ ಬೆಟ್ಟಗಳು ಕಂಡವು, ಅದೇ ಕ್ರಾಕರ್ ಲ್ಯಾಂಡ್ ಎಂದು ಪಿಯರಿ ಆಮೇಲೆ ಪುಸ್ತಕದಲ್ಲಿ ಬರೆದರು. ಆ ಹೊತ್ತಿನ ಅವರದೇ ಡೈರಿಯಲ್ಲಿ ಮಾತ್ರ ನೆಲ ಕಾಣಲಿಲ್ಲ ಅಂತಿದೆ! 1913ರಲ್ಲಿ ಅದನ್ನು ಹುಡುಕಲು ಇನ್ನೊಂದು ತಂಡ ಹೊರಟಿತು. ಮತ್ತೆ ಹೊಸ ದಾನಿಗಳು. 1914ರಲ್ಲಿ ಬೆಟ್ಟ, ಕಣಿವೆ ಎಲ್ಲ ಕಂಡೇಬಿಟ್ಟವು. ಜೊತೆಗಿದ್ದ ಇನುಯಿಟ್ ಬೇಟೆಗಾರ ಅದು ಬರೀ ಮಂಜು ಅಂದ. ಕೇಳುವವರು ಯಾರು? ಸಮುದ್ರದ ಹಿಮದ ಮೇಲೆ ದಿನಗಟ್ಟಲೆ ನಡೆದರು, ಬೆಟ್ಟ ಕರಗಿಹೋಯಿತು. ಕೆಲವರು ಊರು ಸೇರುವಷ್ಟರಲ್ಲಿ 1917.

ಪಿಯರಿಯ ಎದುರಾಳಿ ಫ್ರೆಡರಿಕ್ ಕುಕ್ ಸುಮ್ನೆ ಇರುತ್ತಾರಾ? ತಮಗೆ ದುಡ್ಡು ಹಾಕಿದ ಬ್ರಾಡ್ಲಿ ಅವರ ಹೆಸರಿಗೆ 1908ರಲ್ಲಿ ಮತ್ತೊಂದು ಇಲ್ಲದ ನೆಲ ಬರೆದುಕೊಟ್ಟರು. ನಮ್ಮಲ್ಲಿ ಕೆರೆಯಲ್ಲಿ ಸೈಟು ಮಾಡಿ ಮಾರಿದವರು ಇವರಿಗಿಂತ ಮರ್ಯಾದಸ್ಥರು. ಕೊನೆಗೆ ಕೆರೆಯಾದರೂ ಇತ್ತು.

ಅಂಟಾರ್ಕ್ಟಿಕಾದಲ್ಲಿ ಹಾರ್ಲಿಕ್ ಬೆಟ್ಟಗಳಿವೆ. ಹೌದು, ನಾವು ಹಾಲಿಗೆ ಕಲಸುವ ಅದೇ ಹಾರ್ಲಿಕ್ಸಿನ ವಿಲಿಯಂ ಹಾರ್ಲಿಕ್. ಅಮೆರಿಕದ ಅಡ್ಮಿರಲ್ ಬರ್ಡ್ ಅವರ 1933ರ ಅಂಟಾರ್ಕ್ಟಿಕಾ ಯಾತ್ರೆಗೆ ದುಡ್ಡು ಕೊಟ್ಟರು, ಒಂದು ವಿಮಾನಕ್ಕೂ ಅವರ ಹೆಸರೇ ಬಿತ್ತು. ಅದೇ ಯಾತ್ರೆಯಲ್ಲಿ ಹಸುಗಳೂ ಹೋಗಿದ್ದವು. ದಾರಿಯಲ್ಲಿ ಹುಟ್ಟಿದ ಕರುವಿಗೆ ಐಸ್‌ಬರ್ಗ್ ಅಂತ ಹೆಸರಿಟ್ಟರು. ಆ ಒಂದು ಹೆಸರು ಮಾತ್ರ ಬಿಕರಿಯಾಗದೆ ಉಳಿದಿತ್ತು ಅಂತ ಕಾಣುತ್ತದೆ.

ಇದೆಲ್ಲ ಹಳೇ ಕಥೆ ಅನ್ನಬೇಡಿ. ಬ್ರಿಟನ್ನಿನ ಧ್ರುವಯಾತ್ರಿ ಶ್ಯಾಕಲ್ಟನ್ 1907ರಲ್ಲಿ ಅಂಟಾರ್ಕ್ಟಿಕಾಕ್ಕೆ ಹೊರಟಾಗ ಒಯ್ದ ಮ್ಯಾಕಿನ್ಲೆ ವಿಸ್ಕಿ ಅಲ್ಲಿನ ಅವರ ಗುಡಿಸಲಿನ ಅಡಿಯ ಹಿಮದಲ್ಲಿ ನೂರು ವರ್ಷ ಹೂತಿತ್ತು. 2011ರಲ್ಲಿ ಮೂರು ಬಾಟಲಿ ಸ್ಕಾಟ್ಲೆಂಡಿಗೆ ಹಾರಿದವು. ವಿಮಾನ ಯಾರದು? ಆಗ ಆ ವಿಸ್ಕಿ ಕಂಪನಿಯ ಒಡೆಯರಾಗಿದ್ದ ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಅವರ ಖಾಸಗಿ ಜೆಟ್. ಪೆಟ್ಟಿಗೆಯನ್ನು ವಿಸ್ಕಿ ತಜ್ಞರ ಕೈಗೆ ಬೇಡಿ ಹಾಕಿ ಕಟ್ಟಿದ್ದರು. ರುಚಿ ನೋಡಿ, ಅದರಂತೆಯೇ ಹೊಸದು ಮಾಡಿ, ಬಾಟಲಿಗೆ ಸುಮಾರು 100 ಪೌಂಡಿನಂತೆ ಮಾರಿದರು.

ಮೂಲ ಬಾಟಲಿಗಳು 2013ರಲ್ಲಿ ಅಂಟಾರ್ಕ್ಟಿಕಾಕ್ಕೆ ವಾಪಸ್ಸಾದವು. 2016ರಲ್ಲಿ ಬ್ರಿಟನ್ನಿಗೆ ಹಾರಿದ ಒಡೆಯರು ಇನ್ನೂ ವಾಪಸ್ಸಾಗಿಲ್ಲ.