ಬೋರ್ಡಿನ ರೇಟಿಗೆ ಬಾಡಿ ಬರಲ್ಲ ಸರ್

ಶಿವಮೊಗ್ಗ ಪೇಟೆಯಲ್ಲಿ ಸರಕು ಗಾಡಿಗಳ ಫ್ಲೆಕ್ಸ್ ನೋಡಿದ್ದೀರಲ್ವಾ? ‘ಆರಂಭಿಕ ಬೆಲೆ’ ಅಂತ ದಪ್ಪ ಅಕ್ಷರ, ಪಕ್ಕದಲ್ಲಿ ಕನ್ನಡಕ ಹಾಕಿದರೆ ಮಾತ್ರ ಕಾಣುವ ಒಂದು ನಕ್ಷತ್ರ. ಆ ಬೆಲೆಗೆ ಗಾಡಿ ತಂದವರನ್ನು ನಾನು ನೋಡಿಲ್ಲ. ನೋಡಿದೆ ಅಂದವರನ್ನೂ ನೋಡಿಲ್ಲ. ಆಗುಂಬೆಯ ಕಾಳಿಂಗ ಸರ್ಪವಾದರೂ ಅದೃಷ್ಟವಿದ್ದರೆ ಕಣ್ಣಿಗೆ ಬೀಳುತ್ತದೆ.

ನಮ್ಮ ಭಾವನದು ತೀರ್ಥಹಳ್ಳಿ ಕಡೆ ಅಡಿಕೆ ಹಾಳೆ ತಟ್ಟೆ ವ್ಯಾಪಾರ. ಹಾಳೆ ತಟ್ಟೆಗೆ ತೂಕವೇ ಇಲ್ಲ, ಜಾಗ ಮಾತ್ರ ಸಿಕ್ಕಾಪಟ್ಟೆ ಬೇಕು. ಸ್ವಲ್ಪ ಥಂಡಿ ತಾಗಿದರೂ ಬೂಷ್ಟು. ಹಾಗಾಗಿ ತಾಡಪಾಲು ಕಟ್ಟುವ ಗಾಡಿ ಆಗುವುದಿಲ್ಲ. ನಾಲ್ಕೂ ಕಡೆ ಮುಚ್ಚಿದ, ಎತ್ತರದ ಬಾಡಿ ಬೇಕು. ಅವನ ಬೇಡಿಕೆ ಇಷ್ಟೇ.

ಶೋರೂಮಿನ ಸೇಲ್ಸ್ ಹುಡುಗ ಭಾವನಿಗೆ ಎಷ್ಟು ಕೆ.ಜಿ. ಹೊರುತ್ತದೆ ಅಂತ ಶುರು ಮಾಡಿದ.

“ತೂಕ ಬೇಡ ಮಾರಾಯ, ಎತ್ತರ ಎಷ್ಟು ಹೇಳು.”

ಎತ್ತರಕ್ಕೆ ಬೇರೆ ಮಾಡೆಲ್ಲು, ಬೇರೆ ರೇಟು. ಬೋರ್ಡಿನ ರೇಟು ಬರೀ ಕ್ಯಾಬಿನ್ ಮತ್ತು ಚಾಸಿಸ್‌ದಂತೆ. ಅಂದರೆ ಮುಂದೆ ಡ್ರೈವರ್ ಕೂರುವಷ್ಟು ಜಾಗ, ಹಿಂದೆ ಎರಡು ಉದ್ದನೆ ಕಬ್ಬಿಣ. ಸರಕು ಗಾಡಿಯಲ್ಲಿ ಸರಕು ಎಲ್ಲಿಡುವುದು ಅನ್ನುವುದು ಗಿರಾಕಿಯ ಆಯ್ಕೆ! ಸಿಎನ್‌ಜಿ ಬೇಕಾದರೆ ಇನ್ನೂ ಜಾಸ್ತಿ. ಸಿಲಿಂಡರಿನ ಭಾರ ಗಾಡಿ ಹೊರುವ ಲೆಕ್ಕದಲ್ಲೇ ಕಳೆಯುತ್ತದೆ. ದುಡ್ಡು ಜಾಸ್ತಿ, ಹೊರೆ ಕಡಿಮೆ.

ಎಸಿ ವಿಷಯ ಬಂತು. “ಅದು ಕಂಫರ್ಟ್ ಪ್ಯಾಕ್ ಸರ್, ಟಾಪ್ ಮಾಡೆಲ್‌ಗೆ ಮಾತ್ರ.” ಮಲೆನಾಡಿನವರಿಗೆ ಎಸಿ ಯಾಕೆ ಅಂತ ಅವನ ಮುಖದಲ್ಲೇ ಬರೆದಿತ್ತು. ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಆಗುಂಬೆಯ ಘಾಟಿಯನ್ನು ಜುಲೈಯಲ್ಲಿ ಗ್ಲಾಸ್ ಏರಿಸಿಕೊಂಡು ಒಮ್ಮೆ ಇಳಿಯಲಿ. ಒಳಗಿನ ಉಸಿರಿನ ತೇವ ತಣ್ಣನೆ ಗಾಜಿಗೆ ಹತ್ತಿ ಮುಂದಿನದೆಲ್ಲ ಬಿಳಿ. ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಗಾಜು ಒರೆಸುವ ಬೈರಾಸು. ಗಾಳಿಯ ತೇವ ಎಳೆದು ಗಾಜು ತಿಳಿಯಾಗಿಸಲು ಎಸಿ ಬೇಕು. ನಮ್ಮಲ್ಲಿ ತಿರುವು ಕಾಣುವುದೂ ಕಂಫರ್ಟ್ ಲೆಕ್ಕಕ್ಕೇ ಬರುತ್ತದೆ. 2025ರಲ್ಲಿ, ಹೊರೆ ಸೇರಿ 3.5 ಟನ್ ಮೀರುವ ಹೊಸ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯವಾಯಿತು. ಸಣ್ಣ ಗಾಡಿಯ ಡ್ರೈವರ್ ಬಹುಶಃ ಉಸಿರಾಡುವುದಿಲ್ಲ.

ಅದೇ ವರ್ಷ ಸೆಪ್ಟೆಂಬರ್ 22ಕ್ಕೆ ಸರಕು ಗಾಡಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿತ್ತು. ಭಾವ ಖುಷಿಯಲ್ಲೇ ಹೋಗಿದ್ದ. ಇಳಿದ ಜಾಗದಲ್ಲಿ ‘ಎಸೆನ್ಷಿಯಲ್ ಕಿಟ್’ ಬಂದು ಕೂತಿತ್ತು: ಸೀಟ್ ಕವರ್, ಮಡ್ ಫ್ಲ್ಯಾಪ್, ಸೆಂಟಿನ ಬಾಟಲಿ, ಡ್ಯಾಶ್‌ಬೋರ್ಡಿಗೆ ಅಂಟಿಸುವ ಗಣಪತಿ.

“ಗಣಪತಿ ಬೇಡ, ಮನೇಲಿದ್ದಾನೆ.”

“ಪ್ಯಾಕೇಜ್ ಸರ್, ಬಿಡಿಸೋಕಾಗಲ್ಲ.”

ಇನ್ಶೂರೆನ್ಸ್ ಎಲ್ಲಿ ಬೇಕಾದರೂ ಮಾಡಿಸಬಹುದು, ನಿಯಮವೇ ಇದೆ. “ಮಾಡಿಸಿ ಸರ್, ಡೆಲಿವರಿ ಸ್ವಲ್ಪ ಲೇಟಾಗುತ್ತೆ ಅಷ್ಟೇ” ಅಂತ ಹುಡುಗ ನಯವಾಗಿಯೇ ಹೇಳಿದ.

ಕೊನೆಗೆ ಭಾವ ಚಾಸಿಸ್ಸನ್ನೇ ತಗೊಂಡು, ಮುಚ್ಚಿದ ಬಾಡಿಯನ್ನು ಹೊರಗೆ ಕಟ್ಟಿಸಿದ. ಬಿಲ್ಲಿನಲ್ಲಿ ಗಣಪತಿಗೂ ಜಿಎಸ್‌ಟಿ ಬಿದ್ದಿದೆ. ಅವನ ಅಂಟು ಬಿಟ್ಟರೆ ಬದಲಿ ಕೊಡುತ್ತಾರಂತೆ. ಮೊದಲ ಮಳೆಗೆ ಬಾಡಿ ಸೋರಿದಾಗ ಕೇಳಿದರೆ, ಅದು ಬೇರೆಯವರು ಕಟ್ಟಿದ್ದು, ವಾರಂಟಿಗೆ ಬರುವುದಿಲ್ಲ ಅಂದರು.