ನೀರಿನ ಪಾಲಿನಲ್ಲಿ ಅಂಬಿಗರ ಪಾಲೆಷ್ಟು?

ಕಲಬುರಗಿಯಲ್ಲಿ ಭೀಮಾ ನದಿಯ ಮಾತು ಬಂದರೆ ಅದು ಟಿಎಂಸಿ ಲೆಕ್ಕದಲ್ಲೇ ಶುರುವಾಗಿ ಅಲ್ಲೇ ಮುಗಿಯುತ್ತದೆ. ಬಚಾವತ್ ನ್ಯಾಯಮಂಡಳಿ ಕೃಷ್ಣಾ ಕೊಳ್ಳದಲ್ಲಿ ಕರ್ನಾಟಕಕ್ಕೆ 700 ಟಿಎಂಸಿ ಕೊಟ್ಟು, ಕೃಷ್ಣೆಯ ಉಪನದಿಯಾದ ಭೀಮೆಯ ಮುಖ್ಯ ಹರಿವಿನಿಂದ 15 ಟಿಎಂಸಿಗಿಂತ ಹೆಚ್ಚು ಬಳಸಬಾರದೆಂದು ಮಿತಿ ಹಾಕಿತು. ಮೇಲೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಎಷ್ಟು ಬಿಟ್ಟರು, ಇತ್ತ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನಲ್ಲಿ ಎಷ್ಟು ನಿಂತಿತು ಎಂಬುದೇ ಬೇಸಿಗೆಯುದ್ದಕ್ಕೂ ನಮ್ಮ ಚಿಂತೆ. ಈ ಲೆಕ್ಕ ಬೇಡವೆಂದು ಯಾರೂ ಹೇಳಲಾರರು. ಆದರೆ ಜೇವರ್ಗಿ ತಾಲ್ಲೂಕಿನ ಹೊಳೆದಂಡೆಯ ಊರಿನವನಾದ ನಾನು ನೌಕರಿಗಾಗಿ ಬಿಹಾರದ ಭಾಗಲ್ಪುರಕ್ಕೆ ಬಂದು ನೆಲೆಸಿದ ಮೇಲೆ, ನದಿಯನ್ನೇ ನಂಬಿ ಬದುಕಿದ ಒಂದು ಸಮುದಾಯವನ್ನು ನಾವು ಈ ಲೆಕ್ಕದಿಂದ ಸಂಪೂರ್ಣ ಹೊರಗಿಟ್ಟಿದ್ದೇವೆ ಎಂದು ನನಗೆ ಬಲವಾಗಿ ಅನಿಸತೊಡಗಿದೆ.

ಇಲ್ಲಿ ಗಂಗೆಯ ದಂಡೆಯಲ್ಲಿ ಬದುಕುವ ಮಲ್ಲಾಹರು, ನಿಷಾದರು ನಮ್ಮ ಕಬ್ಬಲಿಗರಿಗೂ ಅಂಬಿಗರಿಗೂ ಕಸುಬಿನಿಂದ ಒಡಹುಟ್ಟಿದವರಿದ್ದಂತೆ. ದೋಣಿ ನಡೆಸುವುದು, ಮೀನು ಹಿಡಿಯುವುದು, ಪ್ರವಾಹ ಇಳಿದ ಮೇಲೆ ಹೊಸ ಮಣ್ಣು ಬಿದ್ದ ನಡುಗಡ್ಡೆಗಳಲ್ಲಿ ಬೆಳೆ ತೆಗೆಯುವುದು ಅವರ ವರ್ಷದ ಕ್ರಮ. ‘ದಿಯಾರಾ’ ಎಂದು ಕರೆಯುವ ಈ ನೆಲದಲ್ಲಿ ಸೌತೆ, ಕಲ್ಲಂಗಡಿ, ಪರವಲ್ ಬೆಳೆಯುತ್ತವೆ. ನದಿ ತನ್ನ ಪಾತ್ರವನ್ನು ಬದಲಿಸಿದರೆ ಹೋದ ವರ್ಷದ ಹೊಲ ಈ ವರ್ಷ ನೀರಿನೊಳಗಿರುತ್ತದೆ. ಗಡಿ ಯಾವುದು, ಒಡೆಯ ಯಾರು ಎಂಬ ಜಗಳ ಮತ್ತೆ ಮೊದಲಾಗುತ್ತದೆ. ಭಾಗಲ್ಪುರದ ವಿಕ್ರಮಶಿಲಾ ಸೇತುವೆ 2001ರಲ್ಲಿ ಸಂಚಾರಕ್ಕೆ ತೆರೆದ ಮೇಲೆ ದಡ ದಾಟಿಸುವ ಕೆಲಸ ಕುಗ್ಗಿತಾದರೂ, ದಿಯಾರಾದಿಂದ ಹಾಲು, ಮೇವು, ತರಕಾರಿ ತರುವ ದೋಣಿಗಳು ನಿಂತಿಲ್ಲ.

ಈ ಜನರ ಚರಿತ್ರೆಯಲ್ಲಿ ನಮ್ಮವರು ಗಮನಿಸಲೇಬೇಕಾದ ಒಂದು ಹೋರಾಟವಿದೆ. ಭಾಗಲ್ಪುರ ಜಿಲ್ಲೆಯ ಸುಲ್ತಾನಗಂಜ್‌ನಿಂದ ಪೀರ್‌ಪೈಂತಿಯವರೆಗೆ, ಸುಮಾರು 80 ಕಿಲೋಮೀಟರ್ ಉದ್ದದ ಗಂಗೆಯ ಹರಿವು ಜಮೀನ್ದಾರರ ಸ್ವತ್ತಾಗಿತ್ತು. ನೆಲದ ಜಮೀನ್ದಾರಿ ಕಾನೂನಿನಿಂದ ರದ್ದಾದ ಎಷ್ಟೋ ವರ್ಷಗಳ ನಂತರವೂ ‘ಪಾನೀದಾರಿ’ ಎಂಬ ಈ ನೀರಿನ ಜಮೀನ್ದಾರಿ ಉಳಿದುಕೊಂಡಿತ್ತು. ಹರಿಯುವ ನದಿಯಲ್ಲಿ ಬಲೆ ಬೀಸಲು ಮೀನುಗಾರ ತೆರಿಗೆ ಕಟ್ಟಬೇಕಾಗಿತ್ತು. 1982ರಲ್ಲಿ ಕಹಲ್‌ಗಾಂವ್‌ನ ಮೀನುಗಾರರು ಗಂಗಾ ಮುಕ್ತಿ ಆಂದೋಲನವನ್ನು ಆರಂಭಿಸಿದರು. ಹೆಂಗಸರೂ ದೊಡ್ಡ ಸಂಖ್ಯೆಯಲ್ಲಿ ಅದಕ್ಕೆ ಸೇರಿಕೊಂಡರು. ಹೆಚ್ಚುಕಡಿಮೆ ಒಂದು ದಶಕ ಅಹಿಂಸೆಯ ಹಾದಿಯಲ್ಲೇ ನಡೆದ ಆ ಹೋರಾಟದ ಫಲವಾಗಿ 1991ರಲ್ಲಿ ಪಾನೀದಾರಿ ಕೊನೆಗೊಂಡು, ಪರಂಪರೆಯಿಂದ ಮೀನು ಹಿಡಿಯುತ್ತ ಬಂದವರಿಗೆ ಗಂಗೆಯಲ್ಲಿ ತೆರಿಗೆಯಿಲ್ಲದೆ ಬಲೆ ಬೀಸುವ ಹಕ್ಕು ದೊರೆಯಿತು. ನದಿಯ ಮೇಲೆ ದುಡಿಯುವವನಿಗೆ ನದಿಯ ಮೇಲೊಂದು ಹಕ್ಕಿದೆ ಎಂಬುದನ್ನು ಒಂದು ಸರಕಾರದಿಂದ ಒಪ್ಪಿಸಿದ್ದು ನನ್ನ ಮಟ್ಟಿಗೆ ಬಹಳ ದೊಡ್ಡ ಸಂಗತಿ.

ಹಾಗೆಂದು ಇಲ್ಲಿನ ಬದುಕು ಸುಖಮಯವೆಂದು ನಾನು ಬರೆದರೆ ಅದು ಸುಳ್ಳಾದೀತು. 1975ರಲ್ಲಿ ಕೆಳಗಡೆ ಪಶ್ಚಿಮ ಬಂಗಾಳದಲ್ಲಿ ಗಂಗೆಗೆ ಅಡ್ಡಲಾಗಿ ಕಟ್ಟಿದ ಫರಕ್ಕಾ ಬ್ಯಾರೇಜ್ ಕಾರ್ಯಾರಂಭ ಮಾಡಿದ ಮೇಲೆ ಸಮುದ್ರದಿಂದ ಮೇಲೇರಿ ಬರುತ್ತಿದ್ದ ಹಿಲ್ಸಾ ಮೀನು ಬಿಹಾರದ ಬಲೆಗಳಿಗೆ ಸಿಗುವುದು ಬಹುಮಟ್ಟಿಗೆ ನಿಂತೇಹೋಯಿತು. ಪಾನೀದಾರಿ ಹೋದ 1991ರಲ್ಲೇ ಸುಲ್ತಾನಗಂಜ್‌ನಿಂದ ಕಹಲ್‌ಗಾಂವ್‌ವರೆಗಿನ ಹರಿವು ಡಾಲ್ಫಿನ್ ಅಭಯಾರಣ್ಯವೂ ಆಯಿತು. ಇಲ್ಲಿಯವರು ‘ಸೋಂಸ್’ ಎನ್ನುವ ಆ ಪ್ರಾಣಿ ಉಳಿಯಲೇಬೇಕು; ಆದರೆ ಅಭಯಾರಣ್ಯದ ನಿರ್ಬಂಧಗಳ ಭಾರ ಬಿದ್ದದ್ದು ಮಾತ್ರ ಅದೇ ಮೀನುಗಾರರ ಮೇಲೆ.

ಇನ್ನು ನಮ್ಮ ಭೀಮೆ. ಹಿಮದ ನೀರಿನ ಆಸರೆಯಿರುವ ಗಂಗೆಯೊಂದಿಗೆ, ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ ಮಳೆಯನ್ನೇ ನೆಚ್ಚಿ 861 ಕಿಲೋಮೀಟರ್ ಹರಿಯುವ ಭೀಮೆಯನ್ನು ನೀರಿನ ಪ್ರಮಾಣದಲ್ಲಿ ಹೋಲಿಸುವುದು ನ್ಯಾಯವಲ್ಲ. ನಾನು ಹೋಲಿಸುತ್ತಿರುವುದು ನದಿಯೊಂದಿಗೆ ಜನ ಇಟ್ಟುಕೊಂಡ ಸಂಬಂಧವನ್ನು. ಸಂಕ್ರಾಂತಿಗೆ ಸಜ್ಜೆ ರೊಟ್ಟಿ, ಭರ್ತ ಕಟ್ಟಿಕೊಂಡು ಹೊಳೆಗೆ ಹೋಗಿ ಮಿಂದು, ದಂಡೆಯಲ್ಲೇ ಕುಳಿತು ಉಂಡು ಬರುವ ರೂಢಿ ನಮ್ಮಲ್ಲಿದೆ. ದೇವಲ ಗಾಣಗಾಪುರದ ಸಂಗಮದಲ್ಲಿ, ಘತ್ತರಗಿಯಲ್ಲಿ, ಸನ್ನತಿಯಲ್ಲಿ ಹೊಳೆಯ ಸ್ನಾನವಿಲ್ಲದೆ ದೇವರ ದರ್ಶನ ಪೂರ್ತಿಯಾಗದು. ಛಠ್ ಹಬ್ಬದಲ್ಲಿ ಮೊಣಕಾಲುದ್ದದ ಗಂಗೆಯಲ್ಲಿ ನಿಂತು ಮುಳುಗುವ ಸೂರ್ಯನಿಗೂ ಮರುದಿನ ಹುಟ್ಟುವ ಸೂರ್ಯನಿಗೂ ಅರ್ಘ್ಯ ಕೊಡುವ ಇಲ್ಲಿನ ತಾಯಂದಿರ ಭಕ್ತಿಗೆ ನಮ್ಮವರ ಭಕ್ತಿ ಕಡಿಮೆಯದಲ್ಲ. ಕೊರತೆಯಿರುವುದು ದಂಡೆಯ ದುಡಿಮೆಗೆ ಕೊಡುವ ಬೆಲೆಯಲ್ಲಿ. ಸೇತುವೆಗಳು ಬಂದಂತೆ ಹರಗೋಲು ಹೋಯಿತು, ಮರಳು ಬಗೆದಂತೆ ಹೊಳೆಯೊಳಗೆ ಗುಂಡಿಗಳು ಬಿದ್ದವು, ಬೇಸಿಗೆಯಲ್ಲಿ ಹರಿವೇ ಕಡಿದಾಗ ಮೀನು ಹಿಡಿಯುವ ಮನೆಯ ಹುಡುಗ ಪುಣೆಗೋ ಬೆಂಗಳೂರಿಗೋ ಕೂಲಿಗೆ ಹೊರಟ. ಇದನ್ನು ಒಂದು ನಷ್ಟವೆಂದು ಯಾವ ಕಡತದಲ್ಲಾದರೂ ಬರೆದುಕೊಂಡವರುಂಟೇ?

ಕೋಲಿ, ಕಬ್ಬಲಿಗ ಸಮಾಜದ ಹೆಸರು ನಮ್ಮ ಭಾಗದ ರಾಜಕಾರಣದಲ್ಲಿ ಕೇಳಿಸುವುದು ಮುಖ್ಯವಾಗಿ ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆಯಲ್ಲಿ. ಇಲ್ಲಿನ ನಿಷಾದರದ್ದೂ ಪರಿಶಿಷ್ಟ ಪಟ್ಟಿಗಾಗಿ ಅಂಥದ್ದೇ ಬೇಡಿಕೆ. ಅದರ ನ್ಯಾಯಾನ್ಯಾಯ ಬೇರೆಯೇ ಚರ್ಚೆ. ಆದರೆ ಅಂಬಿಗರ ಚೌಡಯ್ಯನ ಜಯಂತಿಯನ್ನು ಭಾವಚಿತ್ರದ ಮೆರವಣಿಗೆಯೊಂದಿಗೆ ಆಚರಿಸುವ ನಾಡು, ಆತನ ಕಸುಬಿಗೆ ಬೇಕಾದ ನೀರಿನ ಬಗ್ಗೆ ಮೌನವಾಗಿರುವುದು ನನಗೆ ನೋವಿನ ವಿಷಯ.

2020ರ ಅಕ್ಟೋಬರಿನಲ್ಲಿ ಮೇಲಿನ ಜಲಾಶಯಗಳಿಂದ ಬಿಟ್ಟ ನೀರು ಅಫಜಲಪುರ, ಜೇವರ್ಗಿ, ಶಹಾಬಾದ ಕಡೆಯ ಊರುಗಳನ್ನು ನುಗ್ಗಿ ಮುಳುಗಿಸಿತ್ತು; ಬೇಸಿಗೆ ಬಂದರೆ ಅದೇ ಭೀಮೆಗೆ ನೀರು ಬಿಡಿಸಿ ಎಂದು ಅಫಜಲಪುರದಲ್ಲಿ ಧರಣಿ ಕೂರಬೇಕಾಗುತ್ತದೆ. ಈ ಎರಡು ಅತಿಗಳ ನಡುವೆ ಬ್ಯಾರೇಜಿನ ಗೇಟುಗಳನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂದು ನಿರ್ಧರಿಸುವಾಗ ಕಬ್ಬಿನ ಬೆಳೆಗಾರನ ಮಾತು, ನಗರದ ಕುಡಿಯುವ ನೀರಿನ ಮಾತು ಬರುತ್ತದೆ, ಬರಲೇಬೇಕು. ಅದೇ ಸಭೆಗೆ ಆ ದಂಡೆಯ ಮೀನುಗಾರರ ಸಹಕಾರ ಸಂಘದವರನ್ನೂ ಕರೆಯಬೇಕು, ಮೀನು ಮೊಟ್ಟೆಯಿಡುವ ಮಳೆಗಾಲದ ಮೊದಲ ತಿಂಗಳುಗಳಲ್ಲಿ ಅವುಗಳ ಓಡಾಟಕ್ಕೆ ಹರಿವು ಬಿಡಬೇಕು, ಬೇಸಿಗೆಯಲ್ಲಿ ಮಡುಗಳು ಬತ್ತದಷ್ಟು ನೀರನ್ನು ನಮ್ಮ 15 ಟಿಎಂಸಿಯೊಳಗಿಂದಲೇ ತೆಗೆದಿಡಬೇಕು. ಕಲಬುರಗಿ ಮತ್ತು ಯಾದಗಿರಿಯ ಜನಪ್ರತಿನಿಧಿಗಳು ಮನಸ್ಸು ಮಾಡಿದರೆ ಇದಕ್ಕೆ ಮಹಾರಾಷ್ಟ್ರದ ಒಪ್ಪಿಗೆಯೂ ಬೇಕಿಲ್ಲ, ಹೊಸ ನ್ಯಾಯಮಂಡಳಿಯೂ ಬೇಕಿಲ್ಲ.