ಎರಡನೇ ಅಪೀಲಿನಲ್ಲಿ ಹೈಕೋರ್ಟ್ ಸಾಕ್ಷಿಯನ್ನೂ ಮತ್ತೆ ನೋಡಬೇಕೇ?

ಪರ: ಕಡತ ಬಿಚ್ಚಿ ನೋಡಲಿ

ಸಿವಿಲ್ ದಾವೆ ಸೋತವನಿಗೆ ಎರಡು ಅಪೀಲು ಇವೆ ಅಂತ ಹೇಳುತ್ತಾರೆ. ಎರಡನೆಯದು ಹೆಸರಿಗೆ ಮಾತ್ರ. ಮೊದಲ ಅಪೀಲಿನಲ್ಲಿ ಸಾಕ್ಷಿ, ದಾಖಲೆ, ಕಾನೂನು ಎಲ್ಲವನ್ನೂ ಮತ್ತೆ ನೋಡಬಹುದು. ಅಲ್ಲೂ ಸೋತು ಹೈಕೋರ್ಟಿಗೆ, ಅಂದರೆ ಬೆಂಗಳೂರಿಗೋ ಧಾರವಾಡ, ಕಲಬುರಗಿ ಪೀಠಕ್ಕೋ, ಆರ್‌ಎಸ್‌ಎ (ಎರಡನೇ ಅಪೀಲು) ಹಾಕಿದರೆ ಸಿಪಿಸಿಯ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ, 100ನೇ ಕಲಂ ಬಾಗಿಲಲ್ಲೇ ತಡೆಯುತ್ತದೆ. 1976ರ ತಿದ್ದುಪಡಿ ಆದಮೇಲೆ 'ಮಹತ್ವದ ಕಾನೂನು ಪ್ರಶ್ನೆ' ಇದ್ದರೆ ಮಾತ್ರ ಒಳಗೆ. ಕೆಳಗಿನವರು ಸಾಕ್ಷಿಯನ್ನು ಎಷ್ಟೇ ತಪ್ಪಾಗಿ ತೂಗಿದ್ದರೂ ಅದು ಏನು ನಡೆಯಿತು ಅನ್ನುವ ಸಂಗತಿಯ ವಿಷಯ, ಕಾನೂನಿನದಲ್ಲ, ನಾವು ನೋಡಲ್ಲ ಅನ್ನುತ್ತಾರೆ.

ಇದಕ್ಕೆ ಕೊಡುವ ಕಾರಣ ಕೇಳಿದರೆ ನಗು ಬರುತ್ತದೆ. ಕೆಳಗಿನ ಜಡ್ಜ್ ಸಾಕ್ಷಿಯ ಮುಖ ನೋಡಿರುತ್ತಾರಂತೆ, ಯಾರು ತೊದಲಿದರು ಯಾರು ಬೆವರಿದರು ಅಂತ ಅವರಿಗೆ ಗೊತ್ತಿರುತ್ತದಂತೆ, ಹೈಕೋರ್ಟಿಗೆ ಸಿಗುವುದು ಬರೀ ಕಾಗದವಂತೆ. ಎಲ್ಲಿಯ ಮುಖ? 2002ರಿಂದ ಮುಖ್ಯ ವಿಚಾರಣೆ, ಅಂದರೆ ಸಾಕ್ಷಿ ತನ್ನ ಕಡೆಯವರ ಪರ ಮೊದಲು ಹೇಳುವ ಮಾತು, ಅಫಿಡವಿಟ್‌ನಲ್ಲೇ ಬರುತ್ತಿದೆ. ಅದು ಟೈಪ್ ಆಗುವುದು ವಕೀಲರ ಆಫೀಸಿನಲ್ಲಿ. ಎದುರು ವಕೀಲರು ಪ್ರಶ್ನೆ ಕೇಳುವ ಪಾಟಿ ಸವಾಲನ್ನು ಕೋರ್ಟ್ ನೇಮಿಸಿದ ಕಮಿಷನರ್ ಮುಂದೆಯೂ ಮಾಡಿಸಬಹುದು. ಇನ್ನು ದಾವೆ ಮುಗಿಯುವಷ್ಟರಲ್ಲಿ ಜಡ್ಜ್‌ಗೆ ವರ್ಗವಾಗಿ, ಸಾಕ್ಷಿ ಕೇಳಿದವರು ಒಬ್ಬರು, ತೀರ್ಪು ಬರೆದವರು ಇನ್ನೊಬ್ಬರು ಆಗಿರುತ್ತಾರೆ, ಹೊಸಬರು ಹಳೇ ಸಾಕ್ಷಿ ಇಟ್ಟುಕೊಂಡೇ ಮುಂದುವರಿಯಬಹುದು ಅಂತ ಸಿಪಿಸಿಯೇ ಹೇಳುತ್ತದೆ. ಅವರೂ ಓದಿದ್ದು ಕಾಗದವನ್ನೇ ಅಲ್ವಾ?

ನಮ್ಮ ಚಿಕ್ಕಪ್ಪನದು ಬದುವಿನ ಜಗಳ. ಪಕ್ಕದವರು ಬದು ಒತ್ತಿ ಉಳುತ್ತಿದ್ದಾರೆ ಅಂತ ತಡೆಯಾಜ್ಞೆ ಕೇಳಿ ಇಂಜಂಕ್ಷನ್ ದಾವೆ ಹಾಕಿದರು. ಪಾಟಿ ಸವಾಲಿನಲ್ಲಿ ಎದುರು ವಕೀಲರು, ಜಾಗ ನಮ್ಮ ಕಕ್ಷಿದಾರನ ಕೈಯಲ್ಲೇ ಇದೆ ಅಲ್ಲವೇ ಅಂತ ಕೇಳಿದರು. ಚಿಕ್ಕಪ್ಪ ಇಲ್ಲ ಅಂದರು. ಕೋರ್ಟಿನ ಭಾಷೆಯಲ್ಲಿ ಅದು ಟೈಪ್ ಆಗಿದ್ದು ಹೀಗೆ: 'ದಾವಾ ಸ್ವತ್ತು ಪ್ರತಿವಾದಿಯ ಸ್ವಾಧೀನದಲ್ಲಿದೆ ಎಂದರೆ ಸರಿಯಲ್ಲ.' 'ಎಂದರೆ' ಅನ್ನುವಲ್ಲಿಗೆ ಪುಟ ಮುಗಿದಿತ್ತು. 'ಸರಿಯಲ್ಲ' ಹಿಂಬದಿಗೆ ಹೋಗಿತ್ತು. ತೀರ್ಪಿನಲ್ಲಿ, ಪ್ರತಿವಾದಿಯ ಸ್ವಾಧೀನವನ್ನು ವಾದಿಯೇ ಒಪ್ಪಿದ್ದಾರೆ ಅಂತ ಬಂತು! ಮೊದಲ ಅಪೀಲಿನ ತೀರ್ಪಲ್ಲೂ ಅದೇ ಪ್ಯಾರಾ, ಅಕ್ಷರ ಬದಲಾಗದೆ. ಹೈಕೋರ್ಟಿನಲ್ಲಿ, ಅಪೀಲನ್ನು ಒಳಗೆ ತೆಗೆದುಕೊಳ್ಳಬೇಕೇ ಅಂತ ನೋಡುವ ಅಡ್ಮಿಷನ್ ಹಂತದಲ್ಲೇ ವಜಾ, ಎರಡು ಕೋರ್ಟೂ ಒಂದೇ ಹೇಳಿವೆ ಅಂತ. ಚಿಕ್ಕಪ್ಪ ಆ ಹಾಳೆಯ ಜೆರಾಕ್ಸಿಗೆ ಹಳದಿ ಬಳಿದು ಇಟ್ಟುಕೊಂಡಿದ್ದಾರೆ. ಮನೆಗೆ ಯಾರೇ ಬಂದರೂ ಕಾಫಿಗೆ ಮೊದಲು ಅದನ್ನು ತೋರಿಸುತ್ತಾರೆ. ನೆಂಟರು ಈಗೀಗ ಆ ಕಡೆ ಹೋಗುವುದನ್ನೇ ಕಡಿಮೆ ಮಾಡಿದ್ದಾರೆ.

ಕೇಸು ಬಾಕಿ ಜಾಸ್ತಿ ಇವೆ ಅನ್ನುತ್ತಾರೆ. ಇರಲಿ, ಅದು ಚಿಕ್ಕಪ್ಪನ ತಪ್ಪೇ? ಅಡ್ಮಿಷನ್ನಿಗೆ ಮೊದಲು ಕೆಳಗಿನ ಕೋರ್ಟಿನ ಕಡತ ತರಿಸಿ, ಸೋತವನು ತೋರಿಸಿದ ಪುಟ ಒಂದನ್ನಾದರೂ ಓದಬೇಕು ಅಂತ 100ನೇ ಕಲಂಗೆ ಒಂದು ಸಾಲು ಸೇರಿಸಿದರೆ ಸಾಕು.

ವಿರೋಧ: ಜಗಳ ಎಲ್ಲೋ ಒಂದು ಕಡೆ ನಿಲ್ಲಬೇಕು

ಈ ಕಡೆ ನನ್ನ ಪಾಲಿಗೆ ಬಂತು. ಪರ ಬರೆಯಲು ಆಗಲೇ ಒಬ್ಬರು ಒಪ್ಪಿಕೊಂಡಿದ್ದರಂತೆ. ವಕೀಲಿ ಮಾಡುವವನಿಗೆ ಯಾವ ಕಡೆಯಾದರೇನು.

ಆ ಲೇಖನ ನಾನು ಓದಿಲ್ಲ. ಆದರೆ ಅದರಲ್ಲಿ ಮೋಸಹೋದ ರೈತರೊಬ್ಬರು ಇದ್ದೇ ಇರುತ್ತಾರೆ. ಎರಡು ಕೋರ್ಟಲ್ಲಿ ಗೆದ್ದು, ಡಿಕ್ರಿ ಕೈಯಲ್ಲಿ ಹಿಡಿದು, ಹೈಕೋರ್ಟ್ ಸ್ಟೇ ಯಾವಾಗ ತೆರವಾಗುತ್ತದೋ ಅಂತ ಕೂತವನೂ ರೈತನೇ. ಅವನ ಕಥೆ ಯಾರೂ ಬರೆಯಲ್ಲ. ದುಡ್ಡಿದ್ದವನು ಸುಮ್ನೆ ಎಳೆಯುತ್ತಾ ಹೋಗುತ್ತಾನೆ, ಇಲ್ಲದವನು ರಾಜಿಗೆ ಬರುತ್ತಾನೆ. ಎರಡನೇ ಅಪೀಲಿನಲ್ಲೂ ಸಾಕ್ಷಿ ಬಿಚ್ಚಿದರೆ ಆಮೇಲೆ ಮೂರನೆಯದು ಕೇಳುತ್ತಾರೆ, ನಾಲ್ಕನೆಯದು ಕೇಳುತ್ತಾರೆ.

ಇದು ಹೊಸ ಮಾತೂ ಅಲ್ಲ. ಸಂಗತಿ ನಿರ್ಣಯದಲ್ಲಿ ತಪ್ಪು ಎಷ್ಟೇ ದೊಡ್ಡದಿದ್ದರೂ ಎರಡನೇ ಅಪೀಲಿಗೆ ಅದು ಕಾರಣ ಆಗಲ್ಲ ಅಂತ ಬ್ರಿಟಿಷರ ಕಾಲದ ಕೊನೆಯ ಅಪೀಲು ಕೋರ್ಟಾದ ಪ್ರಿವಿ ಕೌನ್ಸಿಲ್ 1890ರಲ್ಲೇ ಹೇಳಿತ್ತು. ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ಸಾಕ್ಷಿಯೇ ಇಲ್ಲದೆ ತೀರ್ಪು ಬಂದಿದ್ದರೆ, ಮುಖ್ಯ ದಾಖಲೆಯನ್ನು ಕಣ್ಣೆತ್ತಿಯೂ ನೋಡದಿದ್ದರೆ, ಇದ್ದದ್ದನ್ನು ಉಲ್ಟಾ ಓದಿದ್ದರೆ ಅದೇ ಕಾನೂನಿನ ಪ್ರಶ್ನೆ ಆಗುತ್ತದೆ. ಅಪೀಲಿನ ಅರ್ಜಿಯಲ್ಲಿ, ಅಂದರೆ ಮೆಮೊದಲ್ಲಿ, ಅದನ್ನು ನೆಟ್ಟಗೆ ಎತ್ತಬೇಕು, ಅಷ್ಟೇ. 103ನೇ ಕಲಂ ಅಡಿ ಕೆಲವೊಮ್ಮೆ ಹೈಕೋರ್ಟ್ ಸಂಗತಿಯನ್ನೂ ತೀರ್ಮಾನಿಸಬಹುದು. ಜಡ್ಜ್‌ಗಳ ವರ್ಗಾವಣೆ, ಅಫಿಡವಿಟ್ಟು, ಅದೆಲ್ಲ ಬೇರೆ ಚರ್ಚೆ, ಇಲ್ಲಿ ಬೇಡ.

ಸೋತ ಕಕ್ಷಿದಾರ ಎದುರು ಕೂತಾಗ ಇದನ್ನೆಲ್ಲ ಹೇಳುವುದು ಕಷ್ಟ, ಒಪ್ಪುತ್ತೇನೆ. ಸದ್ಯ ನನ್ನ ಕೈಯಲ್ಲೇ ಒಂದು ಆರ್‌ಎಸ್‌ಎ ಇದೆ. ಅಪೀಲುದಾರನ ಪರ ನಾನು. ಅದರಲ್ಲಿ ನಾನು ಎತ್ತಿದ ಗ್ರೌಂಡ್ಸ್ (ಆಧಾರಗಳು) ಎಲ್ಲ ಮೇಲೆ ಬರೆದಿದ್ದಕ್ಕೆ ವಿರುದ್ಧವಾಗೇ ಇವೆ.